ಅಂಗೈ ಹುಣ್ಣಿಗೆ ಕನ್ನಡಿ

ಜುಲೈ 7, ಸೋಮವಾರ

ಕೃಷ್ಣಪ್ಪನವರ ಆಕ್ಸಿಜನ್ ಮೆಷಿನ್ನು ವಾಪಸ್ ಬಂತು. ರಿಪೇರಿ ಮಾಡಿ ಕಳಿಸಿ ಹದಿನೆಂಟು ದಿನವೂ ಆಗಿಲ್ಲ. ಇಪ್ಪತ್ತೆಂಟು ವರ್ಷದಿಂದ ಕಾಮಾಕ್ಷಿಪಾಳ್ಯದಲ್ಲಿ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿ ಮಾಡಿಕೊಂಡು ಕೂತಿದ್ದೇನೆ. ಶ್ಯಾಮಸುಂದರ ಮುಟ್ಟಿದ ಬೋರ್ಡು ತಿರುಗಿ ಬರುವುದಿಲ್ಲ ಎಂದು ಹೊಲಿಗೆ ಮೆಷಿನ್ನಿನ ಬೋರ್ಡು ತರುವ ಗಾರ್ಮೆಂಟ್ಸಿನವರೇ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಇದು ಬಂತು.

ಬ್ಯಾಡರಹಳ್ಳಿಯಿಂದ ಆಟೋದಲ್ಲಿ ತಂದವರು ಅವರ ಹೆಂಡತಿ ವೆಂಕಟಲಕ್ಷ್ಮಮ್ಮ. ಐದಾರು ಗಂಟೆ ಸರಿಯಾಗಿ ಓಡುತ್ತದಂತೆ, ಆಮೇಲೆ ಕೀ ಎಂದು ಕೂಗಿ ನಿಂತುಬಿಡುತ್ತದಂತೆ. ಕೃಷ್ಣಪ್ಪನವರ ಶ್ವಾಸಕೋಶ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಈ ಪೆಟ್ಟಿಗೆಯದು. ಬಾಡಿಗೆಗೆ ಸಿಗುವ ಚಿಕ್ಕ ಮೆಷಿನ್ನು ಅವರಿಗೆ ಸಾಲುವುದಿಲ್ಲ, ದೊಡ್ಡದನ್ನು ಹೊಸದಾಗಿ ಕೊಳ್ಳುವುದು ಆಗದ ಮಾತು. ಸದ್ಯಕ್ಕೆ ಸಿಲಿಂಡರಿನ ಮೇಲಿದ್ದಾರೆ. ಅದು ಖಾಲಿಯಾದಾಗೆಲ್ಲ ಅರವತ್ತೆಂಟು ವರ್ಷದ ಈಕೆಯೇ ಸ್ಪ್ಯಾನರ್ ಹಿಡಿದು ಬದಲಿಸಬೇಕು.

"ನಿಮ್ ಕೈಗುಣ ಚೆನ್ನಾಗಿದೆ ಸಾರ್. ನೀವು ಕೈ ಇಟ್ಟು ನೋಡಿ ಸರಿ ಅಂದ್ರೆ ನನಗೆ ಅಷ್ಟೇ ಸಾಕು" ಎಂದರು. ಬೈದಿದ್ದರೆ ವಾಸಿಯಿತ್ತು.

ನನ್ನ ವಿಧಾನ ಎಲ್ಲರಿಗೂ ಗೊತ್ತು. ಬೋರ್ಡು ಓಡಿಸು, ಸ್ವಿಚ್ ಆಫ್ ಮಾಡು, ಬೆರಳಿನ ಹಿಂಭಾಗವನ್ನು ಒಂದೊಂದು ಬಿಡಿಭಾಗದ ಮೇಲೂ ಇಟ್ಟು ನೋಡು. ಯಾವುದು ಸುಡುತ್ತದೋ ಅದೇ ಕಳ್ಳ. ಕಳೆದ ಸಲವೂ ಹಾಗೆಯೇ ಹುಡುಕಿದ್ದೆ. ತಪ್ಪು ನನ್ನ ಕಡೆಯದಲ್ಲ, ಹಾಕಿದ ಭಾಗ ಡೂಪ್ಲಿಕೇಟ್ ಇರಬೇಕು. ವೆಂಕಟಲಕ್ಷ್ಮಮ್ಮನವರಿಗೂ ಹಾಗೆಯೇ ಹೇಳಿದೆ.

ಅಂಗಡಿಯ ಹುಡುಗಿ ಸಿಂಧನೂರು ಕಡೆಯವಳು, ಡಿಪ್ಲೊಮಾ ಓದಿದ್ದಾಳೆ, ಬಂದು ಎರಡು ವರ್ಷವಾಯಿತು. ಅವಳು ಮತ್ತೆ ಹಳೇ ರಾಗ ತೆಗೆದಳು. "ಸರ್, ಒಂದ್ ಥರ್ಮಲ್ ಕ್ಯಾಮೆರಾ ತಗೊಳೂಣ್ರಿ. ಎಲ್ಲಿ ಬಿಸಿ ಐತಿ ಅಂತ ಬಣ್ಣದಾಗ ಕಾಣ್ತೈತ್ರಿ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮ?" ಎಂದೆ. ಅವಳು ನಗಲಿಲ್ಲ.

ಜುಲೈ 9, ಬುಧವಾರ

ಕ್ಯಾಮೆರಾ ಸುಮ್ಮನೆ ನೋಡಿ ಬರೋಣ ಎಂದು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿದ್ದೆ. ಕೊಳ್ಳುವುದಕ್ಕಲ್ಲ. ಹುಡುಗಿಯ ಬಾಯಿ ಮುಚ್ಚಿಸಬೇಕಿತ್ತು.

ದೀಪಾಂಜಲಿ ನಗರ ಮೆಟ್ರೋ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಹಿಂದಿನಿಂದ ಯಾರೋ "ಅಣ್ಣಾ, ಚಪ್ಲಿ, ಚಪ್ಲಿ!" ಎಂದು ಕೂಗಿದರು. ನೋಡಿದರೆ ಎಡಗಾಲಿನ ಚಪ್ಪಲಿ ಹತ್ತು ಮೆಟ್ಟಿಲು ಕೆಳಗೆ ಬಿದ್ದಿದೆ. ಈಗಿನ ಚಪ್ಪಲಿಗಳಿಗೆ ಹಿಡಿತವೇ ಇಲ್ಲ. ತಿಂಗಳಲ್ಲಿ ಇದು ಎರಡನೇ ಜೊತೆ.

ಅಂಗಡಿಯವನು ಪಿಸ್ತೂಲಿನ ಆಕಾರದ್ದೊಂದು ತೋರಿಸಿದ. ಎಲ್ಲಕ್ಕಿಂತ ಅಗ್ಗ. ಅವನದೇ ಮೇಜಿನ ಮೇಲಿದ್ದ ಬೋರ್ಡಿಗೆ ಹಿಡಿದು ನೋಡಿದೆ. ಇಡೀ ಬೋರ್ಡು ತಟ್ಟೆಯಲ್ಲಿ ಹರಡಿದ ಕೇಸರಿಬಾತಿನಂತೆ ಕಂಡಿತು. ಎಲ್ಲೋ ಬಿಸಿ ಇದೆ ಎಂದು ಗೊತ್ತಾಗುತ್ತದೆ, ಯಾವುದು ಎಂದು ಗೊತ್ತಾಗುವುದಿಲ್ಲ. "ಗೋಡೆ ಒಳಗೆ ನೀರು ಸೋರೋದು, ಮೇನ್ ಬೋರ್ಡ್ ಕಾಯೋದು, ಅಂಥದ್ದಕ್ಕೆ ಸರಿ ಹೋಗುತ್ತೆ ಸಾರ್. ನಿಮ್ಮ ಸಣ್ಣ ಕೆಲಸಕ್ಕೆ ಬರಲ್ಲ" ಎಂದು ಅವನೇ ಒಪ್ಪಿಕೊಂಡ. ನನಗೆ ಒಳಗೊಳಗೇ ಖುಷಿಯಾಯಿತು. ಖಾಲಿ ಕೈಯಲ್ಲಿ ಬಂದೆ.

ಕೃಷ್ಣಪ್ಪನವರ ಬೋರ್ಡನ್ನು ಸಂಜೆಯೆಲ್ಲ ಮುಟ್ಟಿ ನೋಡಿದೆ. ಯಾವುದೂ ಸುಡುತ್ತಿಲ್ಲ.

ಜುಲೈ 12, ಶನಿವಾರ

ಹುಡುಗಿ ತನ್ನ ಫೋನಿನಿಂದಲೇ ಒಂದನ್ನು ತರಿಸಿದ್ದಾಳೆ, ಹತ್ತು ದಿನದಲ್ಲಿ ಹಿಂದಿರುಗಿಸಬಹುದಂತೆ. ಬೆಂಕಿಪೊಟ್ಟಣದಷ್ಟು ಇದೆ, ಫೋನಿನ ಚಾರ್ಜಿಂಗ್ ತೂತಿಗೆ ಸಿಕ್ಕಿಸಬೇಕು. ಎಸ್.ಪಿ. ರೋಡಿನದಕ್ಕಿಂತ ಚಿತ್ರ ಎಷ್ಟೋ ವಾಸಿ. ಆದರೆ ಮಾರುದ್ದ ದೂರದಿಂದ ಮಾತ್ರ. ಬೋರ್ಡಿನ ಹತ್ತಿರ ತಂದರೆ ಎಲ್ಲ ಕಲಸಿಹೋಗುತ್ತದೆ. ಫೋಕಸ್ ಬದಲಿಸುವ ವ್ಯವಸ್ಥೆಯೇ ಇಲ್ಲ. ಅಕ್ಕಿಕಾಳಿನಷ್ಟು ಸಣ್ಣ ಭಾಗವನ್ನು ಮಾರುದ್ದ ದೂರದಿಂದ ಹೇಗೆ ಹುಡುಕುವುದು?

"ಇದೂ ಬ್ಯಾಡ್ರಿ" ಎಂದು ಅವಳೇ ಹೇಳಿದಳು. ಇನ್ನೊಂದಿದೆಯಂತೆ, ಮುಂದೆ ತಿರುಗಿಸುವ ಬಳೆ ಇರುತ್ತದಂತೆ, ಅಂಗೈ ಅಗಲದ ದೂರಕ್ಕೂ ಸ್ಪಷ್ಟ ಕಾಣುತ್ತದಂತೆ. ಅದಕ್ಕೆ ಬದಲಾಯಿಸಿ ಹಾಕಿದಳು. ನನ್ನನ್ನು ಕೇಳಲೂ ಇಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎನ್ನುವುದು ಅವಳಿಗೂ ಗೊತ್ತು.

ವೆಂಕಟಲಕ್ಷ್ಮಮ್ಮ ಎರಡು ಸಲ ಫೋನ್ ಮಾಡಿದ್ದರು. ನಿನ್ನೆ ಸಿಲಿಂಡರ್ ಬದಲಿಸುವಾಗ ಸ್ಪ್ಯಾನರ್ ಜಾರಿ ತಡವಾಯಿತಂತೆ. ಕೃಷ್ಣಪ್ಪನವರ ತುಟಿ ನೀಲಿಯಾಗಿತ್ತಂತೆ. "ಬೇಗ ಮಾಡ್ಕೊಡಿ ಸಾರ್" ಎಂದರು, ಅಷ್ಟೆ.

ಲತಾ ಸಕ್ಕರೆ ಪರೀಕ್ಷೆ ಮಾಡಿಸಿ ಎಂದು ಮತ್ತೆ ಶುರು ಮಾಡಿದಳು. ಮಾಡಿಸಿ ವರ್ಷವಾಯಿತು ನಿಜ. ಮಾತ್ರೆ ನುಂಗುತ್ತಿದ್ದೇನೆ, ಓಡಾಡುತ್ತಿದ್ದೇನೆ, ಮತ್ತೇನು? ಹೆಂಡತಿ ಎಂದ ಮೇಲೆ ಏನಾದರೂ ಒಂದು ಹೇಳಲೇಬೇಕು.

ಜುಲೈ 16, ಬುಧವಾರ

ಬಳೆಯಿರುವ ಕ್ಯಾಮೆರಾ ಬಂತು. ಒಪ್ಪಿಕೊಳ್ಳಲೇಬೇಕು, ವಸ್ತು ಚೆನ್ನಾಗಿದೆ. ನಮ್ಮ ಹುಡುಗಿ ನೀಲಾಂಬಿಕಾ ಹಳೇ ಬೋರ್ಡೊಂದಕ್ಕೆ ಕರೆಂಟು ಕೊಟ್ಟು ಬಳೆ ತಿರುಗಿಸಿದಳು. ಕಲಸಿದ್ದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಂಡು ನಿಂತಿತು. ಸಾಸಿವೆಯಷ್ಟು ಒಂದು ಭಾಗ ಬಿಳಿಯಾಗಿ ಉರಿಯುತ್ತಿತ್ತು. ಅದನ್ನು ತೆಗೆದಳು, ಬೋರ್ಡು ಬದುಕಿತು. ಹತ್ತು ನಿಮಿಷದ ಕೆಲಸ. ಅದೇ ಬೋರ್ಡನ್ನು ನಾನು ಮಾರ್ಚಿನಲ್ಲಿ ಕೈಬಿಟ್ಟಿದ್ದೆ, ಅವಳಿಗೆ ನೆನಪಿರಲಿಕ್ಕಿಲ್ಲ.

ಆಮೇಲೆ ತಮಾಷೆಗೆ ತನ್ನ ಕೈಯನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದಳು. ಬೆರಳ ತುದಿಯವರೆಗೂ ಹಳದಿ, ಕೆಂಪು. ನನ್ನದೂ ಇಡಿ ಎಂದಳು. ಅಂಗೈ ಹಳದಿಯಾಗಿತ್ತು, ಬೆರಳುಗಳು ಮೇಜಿನ ಬಣ್ಣವೇ ಇದ್ದವು, ನೀಲಿ. ಅವಳು ಒಂದು ಕ್ಷಣ ನೋಡಿ ಕ್ಯಾಮೆರಾ ಬೇರೆ ಕಡೆ ತಿರುಗಿಸಿದಳು. ನನ್ನದು ಮೊದಲಿನಿಂದಲೂ ತಣ್ಣನೆಯ ಮೈ. ಫ್ಯಾನಿನ ಕೆಳಗೆ ಬೇರೆ ಕೂತಿದ್ದೆ.

ಜುಲೈ 19, ಶನಿವಾರ

ಕಳ್ಳ ಸಿಕ್ಕಿದ.

ಬೆಳಿಗ್ಗೆ ಎಂಟಕ್ಕೇ ಮೆಷಿನ್ನು ಓಡಿಸಿದೆವು. ಒಂದೂಮುಕ್ಕಾಲಿಗೆ ಕೂಗಿ ನಿಂತಿತು. ತಕ್ಷಣ ಕ್ಯಾಮೆರಾ ಹಿಡಿದೆ. ಒಂದು ಕೆಪಾಸಿಟರ್ ಕಿತ್ತಳೆ ಬಣ್ಣದಲ್ಲಿತ್ತು, ಸುತ್ತ ಬೇರೆಲ್ಲ ನೀಲಿ. ಅದರ ಪಕ್ಕ ದೊಡ್ಡ ಟ್ರಾನ್ಸಿಸ್ಟರು, ಅದಕ್ಕೆ ಶಾಖ ಹೊರಹಾಕಲು ಅಂಟಿಸಿದ ಅಲ್ಯೂಮಿನಿಯಂ ಹೀಟ್ ಸಿಂಕ್, ಹೊಸ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತದೆ. ನನಗೆ ಮೊದಲಿನಿಂದ ಅದರ ಮೇಲೆ ಅನುಮಾನವಿತ್ತು. ಕ್ಯಾಮೆರಾದಲ್ಲಿ ಅದು ಎಲ್ಲಕ್ಕಿಂತ ನೀಲಿ. ಆದರೂ ನನ್ನ ಸಮಾಧಾನಕ್ಕೆ ಸ್ವಿಚ್ ಆಫ್ ಮಾಡಿ ಬೆರಳಿಟ್ಟು ನೋಡಿದೆ. ಎಣಿಸಿ ಹತ್ತು ಸೆಕೆಂಡು. ತಣ್ಣಗಿತ್ತು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ಇನ್ನೇನು ಬೇಕು? ಕೆಪಾಸಿಟರ್ ಬದಲಿಸಿದೆ. ಸಂಜೆ ಎರಡು ಗಂಟೆ ಓಡಿಸಿದೆ, ಗಡಿಯಾರದಂತೆ ಓಡಿತು.

"ಆರ್ ತಾಸು ಓಡಿಸಿ ನೋಡೂಣ್ರಿ ಸರ್" ಎಂದಳು ನೀಲಾಂಬಿಕಾ.

"ನಿನ್ನ ಕ್ಯಾಮೆರಾನೇ ಹೇಳಿದ ಮೇಲೆ ಇನ್ನೇನಮ್ಮ ನಿನಗೆ ಅನುಮಾನ?"

ವೆಂಕಟಲಕ್ಷ್ಮಮ್ಮನವರಿಗೆ ಸೋಮವಾರ ನಾಲ್ಕು ಗಂಟೆಗೆ ಬನ್ನಿ ಎಂದು ಫೋನ್ ಮಾಡಿದೆ. "ನೀವೇ ಕೈ ಇಟ್ಟು ನೋಡಿದ್ರಾ?" ಎಂದರು. ಹೌದಮ್ಮ ಎಂದೆ. ಆ ಕಡೆ ಅಳುವ ಸದ್ದು ಕೇಳಿಸಿತು. ಹನ್ನೆರಡು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು.

ಜುಲೈ 20, ಭಾನುವಾರ

ಚೆನ್ನಾಗಿ ನಿದ್ದೆ. ಬಲಗೈ ತೋರುಬೆರಳಿನ ಹಿಂದೆ ಕಡಲೆಕಾಳಿನಷ್ಟು ಬೊಕ್ಕೆ ಎದ್ದಿದೆ. ಏನೋ ಹುಳ ಕಚ್ಚಿರಬೇಕು.

ಜುಲೈ 21, ಸೋಮವಾರ

ನೀಲಾಂಬಿಕಾ ನನ್ನ ಮಾತು ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೇ ಬೀಗ ತೆಗೆದು ಮೆಷಿನ್ನು ಓಡಿಸಿದ್ದಾಳೆ. ನಾನು ಹೋದ ಮೇಲೆ ಗೊತ್ತಾಯಿತು. ರೇಗಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನೀನು ಎಂದೆ. ಅವಳು ತಲೆ ತಗ್ಗಿಸಿ ಕೂತಿದ್ದಳು, ಆದರೆ ಸ್ವಿಚ್ ಆಫ್ ಮಾಡಲಿಲ್ಲ.

ಹನ್ನೆರಡೂ ಐವತ್ತಕ್ಕೆ ಮೆಷಿನ್ನು ಕೂಗಿ ನಿಂತಿತು.

ಅವಳು ಪ್ಲಗ್ ಕಿತ್ತು, ಬೋರ್ಡು ಹೊರತೆಗೆಯಲು ಆ ಹೊಳೆಯುವ ಹೀಟ್ ಸಿಂಕನ್ನೇ ಹಿಡಿದಳು. "ಯವ್ವಾ!" ಎಂದು ಕಿರುಚಿ ಕೈ ಒದರಿದಳು. ನಾನು ಗಾಬರಿಯಾಗಿ ಕರೆಂಟು ಹೊಡೆಯಿತೇನೋ ಎಂದುಕೊಂಡೆ. ಕರೆಂಟಲ್ಲ. ಸುಟ್ಟಿತ್ತು.

ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಯೋಚಿಸಿದಳು. ಬಂದು ಹೀಟ್ ಸಿಂಕಿನ ಮೇಲೆ ಕಪ್ಪು ಟೇಪಿನ ಒಂದು ತುಂಡು ಅಂಟಿಸಿ ಕ್ಯಾಮೆರಾ ಹಿಡಿದಳು. ಸುತ್ತ ನೀಲಿ, ಟೇಪಿನ ತುಂಡು ಮಾತ್ರ ಬೆಳ್ಳಗೆ ಉರಿಯುತ್ತಿತ್ತು. ಅಷ್ಟು ಹೊತ್ತಾದ ಮೇಲೂ ಎಂಬತ್ತೊಂದು ಡಿಗ್ರಿ. ಹೊಳೆಯುವ ಲೋಹ ಕನ್ನಡಿಯ ಹಾಗಂತೆ. ಕ್ಯಾಮೆರಾ ನೋಡಿದ್ದು ಹೀಟ್ ಸಿಂಕನ್ನಲ್ಲ, ಅದರಲ್ಲಿ ಪ್ರತಿಫಲಿಸಿದ ತಣ್ಣನೆಯ ಚಾವಣಿಯನ್ನು.

"ನೋಡಿದೆಯಾ! ನಿನ್ನ ಕ್ಯಾಮೆರಾ ಸುಳ್ಳು ಹೇಳ್ತು!" ಎಂದೆ. ನಾಚಿಕೆಯಿಲ್ಲದೆ ಖುಷಿಪಟ್ಟೆ.

"ಹೌದ್ರಿ. ಅದಕ್ಕ ಟೇಪ್ ಹಚ್ಚಿದ್ರ ಖರೇ ಹೇಳ್ತೈತ್ರಿ" ಎಂದಳು. ಸ್ವಲ್ಪ ತಡೆದು, "ಆದ್ರ ಶನಿವಾರ ನೀವೂ ಮುಟ್ಟಿದ್ರೆಲ್ರಿ ಸರ್. ಹತ್ ಸೆಕೆಂಡ್" ಎಂದಳು.

ಅವಳ ಹೆಬ್ಬೆರಳಿನಲ್ಲಿ ಆಗಲೇ ಬೊಕ್ಕೆ ಏಳುತ್ತಿತ್ತು, ಕಡಲೆಕಾಳಿನಷ್ಟು. ನಾನು ಬಲಗೈಯನ್ನು ಜೇಬಿಗೆ ಹಾಕಿಕೊಂಡೆ.

ನಾಲ್ಕಕ್ಕೆ ಬರಬೇಕಿದ್ದ ವೆಂಕಟಲಕ್ಷ್ಮಮ್ಮ ಹೊರಡುವ ಮೊದಲೇ ಫೋನ್ ಮಾಡಿ, ಮತ್ತೊಂದು ಭಾಗವೂ ಡೂಪ್ಲಿಕೇಟ್ ಬಂದಿದೆ, ಇನ್ನು ನಾಲ್ಕು ದಿನ ಬೇಕು ಎಂದೆ. ನೀಲಾಂಬಿಕಾ ಕೇಳಿಸಿಕೊಳ್ಳುತ್ತಿದ್ದಳು.

ಜುಲೈ 22, ಮಂಗಳವಾರ

ಟ್ರಾನ್ಸಿಸ್ಟರು ಬದಲಿಸಿ, ಶಾಖವನ್ನು ಹೀಟ್ ಸಿಂಕಿಗೆ ದಾಟಿಸುವ ಪೇಸ್ಟು ಒಣಗಿತ್ತು, ಅದನ್ನು ಕೆರೆದು ಹೊಸದು ಹಚ್ಚಿದೆವು. ಮಾಡಿದ್ದು ನೀಲಾ. ಮೆಷಿನ್ನು ಓಡುತ್ತಿದೆ.

ಅವಳು ಊಟಕ್ಕೆ ಹೋದಾಗ ಹಳೇ ಹೀಟ್ ಸಿಂಕೊಂದನ್ನು ಸಾಲ್ಡರಿಂಗ್ ಐರನ್ನಿನಿಂದ ಕಾಯಿಸಿ, ಟೇಪು ಅಂಟಿಸಿ, ಕ್ಯಾಮೆರಾ ಇಟ್ಟು ಬೆರಳಿಟ್ಟೆ. ನಲವತ್ತು. ಐವತ್ತು. ಐವತ್ತೆಂಟು. ಅರವತ್ತನಾಲ್ಕಕ್ಕೆ ಕೈ ತೆಗೆದೆ. ಬೆರಳು ಹೇಳಿತೆಂದಲ್ಲ, ಅಂಕಿ ನೋಡಿ ಹೆದರಿ.

ಎಡಗೈಯಲ್ಲೂ ನೋಡಿದೆ.

ಕ್ಯಾಮೆರಾ ಹಿಂದಿರುಗಿಸಲು ಇನ್ನೂ ನಾಲ್ಕು ದಿನವಿದೆ. ಇಟ್ಟುಕೋ ಎಂದೆ ನೀಲಾಳಿಗೆ. ಸುಸ್ತಾಗಿದೆ, ಇಷ್ಟು ಸಾಕು.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಮದುವೆಯಾಗಿ ಇಪ್ಪತ್ತಾರು ವರ್ಷ, ಪ್ರತಿ ವರ್ಷ ಇದೊಂದು ದಿನ ನಾನು ಮಣೆಯ ಮೇಲೆ ಕೂತು ಲತಾಳ ಕೈಯಲ್ಲಿ ಪಾದ ತೊಳೆಸಿಕೊಂಡು ದೇವರಾಗುತ್ತೇನೆ. ಮರುದಿನ ಮತ್ತೆ ಬೈಸಿಕೊಳ್ಳುವವನು ಎಂದು ನಾವಿಬ್ಬರೂ ನಗುತ್ತೇವೆ.

ತಟ್ಟೆಯಲ್ಲಿ ಕಾಲಿಟ್ಟೆ. ನೀರು ಹಾಕಿದಳು. ಬಲಗಾಲಿಗೆ ಅರಿಶಿನ ಹಚ್ಚಿ ಎಡಗಾಲು ಎತ್ತಿದಳು, ಹಾಗೇ ಹಿಡಿದುಕೊಂಡು ಕೂತುಬಿಟ್ಟಳು.

"ರೀ, ಇದೇನ್ರೀ ಇದು?"

"ಏನೇ?"

"ಕಾಲ್ಕೆಳಗೆ ತೂತಾಗಿದೆ! ಕೀವು ಬರ್ತಾ ಇದೆ. ಯಾವಾಗಿಂದ ಇದು?"

ನನಗೆ ಗೊತ್ತಿರಲಿಲ್ಲ. ಬಗ್ಗಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ನಾಲ್ಕಾಣೆಯಷ್ಟು ಅಗಲ, ಸುತ್ತ ಕೆಂಪಗೆ ಊದಿಕೊಂಡಿತ್ತು. ಒಳಗೆ ಏನೋ ಮಿಂಚಿತು. ಲತಾ ಹೇರ್‌ಪಿನ್ನಿನಿಂದ ಮೀಟಿ ತೆಗೆದಳು. ಬೋರ್ಡಿನಿಂದ ಕತ್ತರಿಸಿ ಬಿದ್ದ ತಂತಿಯ ಚೂರು. ಅಂಗಡಿಯ ನೆಲದ್ದು. ಎಷ್ಟು ದಿನದಿಂದ ಅದನ್ನು ಮೆಟ್ಟಿಕೊಂಡು ಓಡಾಡಿದೆನೋ.

"ನೋವಾಗಲ್ವೇನ್ರೀ?" ಎಂದು ಒತ್ತಿದಳು. ನಾನು "ಎಲ್ಲಿ ಒತ್ತುತ್ತಿದ್ದೀಯ?" ಎಂದು ಕೇಳಿದೆ.

ಕೇಳಿದ ಮೇಲೆ ನನಗೇ ಗೊತ್ತಾಯಿತು ಎಂಥ ಮಾತು ಕೇಳಿದೆನೆಂದು. ಲತಾ ನನ್ನ ಕಾಲು ಬಿಡದೆ ಅತ್ತಳು. ನನಗೆ ಭಯವಾಯಿತು, ನಿಜವಾದ ಭಯ. ಪೂಜೆ ಅರ್ಧಕ್ಕೇ ನಿಂತಿತು.

ಜುಲೈ 25, ಶುಕ್ರವಾರ

ಬಸವೇಶ್ವರನಗರದ ಕ್ಲಿನಿಕ್ಕು. ಡಾಕ್ಟರು ಸಣ್ಣ ವಯಸ್ಸಿನವರು, ಗಾಯ ತೊಳೆದು ಪಟ್ಟಿ ಕಟ್ಟಿದರು. ಮೂಳೆಗೆ ಇಳಿದಿಲ್ಲ, ಇನ್ನು ಹದಿನೈದು ದಿನ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದರು. ಲತಾ ನನ್ನ ಕಡೆ ನೋಡಲಿಲ್ಲ.

ಆಮೇಲೆ ಒಂದು ನೈಲಾನ್ ಎಳೆ ತೆಗೆದರು. "ಕಣ್ಮುಚ್ಕೊಳ್ಳಿ ಸಾರ್. ಕಾಲಿಗೆ, ಕೈಗೆ ಅಲ್ಲಲ್ಲಿ ಮುಟ್ಟಿಸ್ತೀನಿ. ತಾಕಿದಾಗೆಲ್ಲ ಹೂಂ ಅನ್ನಿ."

ಕಣ್ಣು ಮುಚ್ಚಿ ಕೂತೆ. ಹೊರಗೆ ಬಸ್ಸು ಹೋಯಿತು. ಯಾರದೋ ಮಗು ಅಳುತ್ತಿತ್ತು. ಬಹಳ ಹೊತ್ತಾಯಿತು. ಪಾಪ, ಏನೋ ಹುಡುಕುತ್ತಿರಬೇಕು ಎಂದುಕೊಂಡು, "ಶುರು ಮಾಡಿ ಡಾಕ್ಟ್ರೇ" ಎಂದೆ.

"ಮುಗೀತು ಸಾರ್" ಎಂದರು.

ಕಣ್ಣು ಬಿಟ್ಟೆ. ಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಸಕ್ಕರೆ ಹತೋಟಿಗೆ ತಂದರೆ ಇನ್ನಷ್ಟು ಕೆಡದಂತೆ ತಡೆಯಬಹುದಂತೆ. ಹೋದದ್ದು ಬರುತ್ತದೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಏನು ಕೆಲಸ ಮಾಡುತ್ತೀರಿ ಎಂದಾಗ ರಿಪೇರಿ ಎಂದೆ. ಬಿಸಿ ವಸ್ತು ಏನಾದರೂ ಮುಟ್ಟುತ್ತೀರಾ ಎಂದರು.

ಜುಲೈ 26, ಶನಿವಾರ

ಮೆಷಿನ್ನು ನಾಲ್ಕು ದಿನ ನಿಲ್ಲದೆ ಓಡಿದೆ. ನೀಲಾ ಎರಡೆರಡು ತಾಸಿಗೊಮ್ಮೆ ಟೇಪಿನ ಮೇಲೆ ಕ್ಯಾಮೆರಾ ಹಿಡಿದು ಬರೆದಿಟ್ಟಿದ್ದಾಳೆ. ಐವತ್ತೊಂದಕ್ಕೆ ಏರಿ ಅಲ್ಲೇ ನಿಂತಿದೆ. ನಾನು ಕಾಲಿಗೆ ಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು ನೋಡಿದ್ದಷ್ಟೇ.

ಹನ್ನೊಂದಕ್ಕೆ ವೆಂಕಟಲಕ್ಷ್ಮಮ್ಮ ಬಂದರು. ಆಟೋದವನನ್ನು ಹೊರಗೆ ನಿಲ್ಲಿಸಿಕೊಂಡೇ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ, "ಇನ್ನೊಂದ್ಸಲ ಕೈ ಇಟ್ಟು ನೋಡ್ಬಿಡಿ ಸಾರ್. ನೀವು ಸರಿ ಅಂದ್ರೆ ತಗೊಂಡು ಹೋಗ್ತೀನಿ" ಎಂದರು.

ಇಟ್ಟುಬಿಡಬಹುದಿತ್ತು. ಮೆಷಿನ್ನು ಸರಿಯಾಗಿಯೇ ಇದೆ. ಕೈ ಇಟ್ಟು, ಸರಿ ಇದೆಯಮ್ಮ ಎಂದಿದ್ದರೆ ಸುಳ್ಳೂ ಅಲ್ಲ, ಯಾರಿಗೂ ನಷ್ಟವಿಲ್ಲ. ಕೈ ಅರ್ಧ ಎತ್ತಿಯೂ ಆಗಿತ್ತು. ನೀಲಾ ಆ ಕಡೆ ತಿರುಗಿಕೊಂಡು ಸ್ಕ್ರೂ ಡಬ್ಬಿ ಜೋಡಿಸುತ್ತಿದ್ದಳು, ಜೋಡಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ಅಮ್ಮಾ, ನನ್ನ ಕೈಗೆ ಬಿಸಿ ತಿಳಿಯಲ್ಲ" ಎಂದೆ. "ಎಷ್ಟು ದಿನದಿಂದಲೋ ಗೊತ್ತಿಲ್ಲ. ಯಾವ ಭಾಗವೂ ಡೂಪ್ಲಿಕೇಟ್ ಬಂದಿರಲಿಲ್ಲ. ಎರಡು ಸಲವೂ ತಪ್ಪು ಹೇಳಿದ್ದು ನನ್ನ ಕೈ. ಸರಿ ಮಾಡಿದ್ದು ಇವಳು, ನೀಲಾಂಬಿಕಾ."

ಅವರು ನನ್ನ ಮುಖವನ್ನೇ ನೋಡಿದರು. ಇಪ್ಪತ್ತು ದಿನ ಸ್ಪ್ಯಾನರ್ ಹಿಡಿದ ಆ ಕೈಗಳಲ್ಲಿ ಎರಡು ಕಡೆ ಕಾಯಿ ಕಟ್ಟಿತ್ತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನ್ನನ್ನು ದಾಟಿಕೊಂಡು ನೀಲಾಳ ಹತ್ತಿರ ಹೋದರು.

"ಹಂಗಾದ್ರೆ ನೀನ್ ಹೇಳವ್ವ. ರಾತ್ರಿ ನಿಲ್ಲಲ್ಲ ತಾನೆ?"

"ನಿಲ್ಲಂಗಿಲ್ರಿ ಅಮ್ಮಾರ. ನಾ ನೋಡೇನ್ರಿ."

"ನೀನು ನೋಡಿದ್ರೆ ಆಯ್ತು ಬಿಡು" ಎಂದು ಅವಳ ಕೈಯನ್ನು, ಬೊಕ್ಕೆ ಇನ್ನೂ ಒಣಗದ ಆ ಕೈಯನ್ನು, ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮೆಷಿನ್ನು ಆಟೋಗೆ ಏರಿತು. ಹೋಗುವಾಗ ನೀಲಾಳಿಗೆ ಬರ್ತೀನವ್ವ ಎಂದರು.

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ, ಬಹಳ ಉರಿಯಿತು. ಅಂಗಡಿಯ ಹಿಂದಕ್ಕೆ ಹೋಗಿ ಐದು ನಿಮಿಷ ನಿಂತು ಬಂದೆ.

ಬರುವಷ್ಟರಲ್ಲಿ ನೀಲಾ ಟೀ ತರಿಸಿ ಮೇಜಿನ ಮೇಲೆ ಇಟ್ಟಿದ್ದಳು. ಗ್ಲಾಸಿಗೆ ಕೈ ಹಾಕುವ ಮುಂಚೆ, "ಬಿಸಿ ಇದೆಯೇನಮ್ಮ?" ಎಂದು ಕೇಳಿದೆ. ಮುಟ್ಟಿ ನೋಡಿ, "ಸ್ವಲ್ಪ ತಡೀರಿ ಸರ್" ಎಂದಳು. ಅವಳು ಹೇಳುವವರೆಗೂ ಕಾದು, ಆಮೇಲೆ ಕುಡಿದೆ.